ಏನೋ ಸರಿ ಇಲ್ಲ ಅನ್ಸಿದಾಗ: ವ್ಯವಹಾರದ ಸುಳ್ಳು, ಅನ್ಯಾಯದ ಬಗ್ಗೆ ಪದೇ ಪದೇ ಕೇಳೋ ಪ್ರಶ್ನೆಗಳು

ಅಕೌಂಟ್ಸ್ ಕೆಲಸ ಮಾಡೋನು ಅಂತ ಗೊತ್ತಾದ್ರೆ ಸಾಕು, ಮದುವೆ ಮನೆ ಪಂಕ್ತೀಲಿ ಕೂತಿದ್ರೂ ಪಕ್ಕದೋರು ಮೆಲ್ಲಗೆ ಶುರು ಮಾಡ್ತಾರೆ, ಒಂದು ಸ್ಕೀಮ್ ಇದೆ, ಏನೋ ಡೌಟು, ನೀವೇನಂತೀರಾ ಅಂತ. ಹಾಗೆ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನ ಕೇಳಿದೋರ ಮಾತಲ್ಲೇ ಇಲ್ಲಿ ಇಟ್ಟಿದೀನಿ. ಮೊದಲು ಸುಲಭದ್ದು, ಆಮೇಲೆ ಸ್ವಲ್ಪ ಆಳದ್ದು. ನಿಮಗೆ ಬೇಕಾದ್ದನ್ನ ಮಾತ್ರ ಓದ್ಕೊಂಡ್ರೂ ಅರ್ಥ ಆಗುತ್ತೆ.

## ಶುರುವಿನ ಪ್ರಶ್ನೆಗಳು

ಮನಸ್ಸಿಗೆ ಏನೋ ಕಸಿವಿಸಿ, ಆದ್ರೆ ಏನು ಅಂತ ಹೇಳಕ್ಕಾಗ್ತಿಲ್ಲ. ಇದನ್ನ ನಂಬಬೇಕಾ, ಇಲ್ಲ ನನ್ನ ಭ್ರಮೆ ಅನ್ಕೊಬೇಕಾ?

ಭ್ರಮೆ ಅಂತ ತಳ್ಳಿಹಾಕಬೇಡಿ, ತೀರ್ಪು ಅಂತಾನೂ ತಗೋಬೇಡಿ. 1997ರಲ್ಲಿ ಅಮೆರಿಕಾದ ಅಯೋವಾದಲ್ಲಿ ಬೆಚಾರಾ, ಡಮಾಸಿಯೋ ಮತ್ತೆ ಜೊತೆಗಾರರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದ್ರು. ನಾಲ್ಕು ಕಟ್ಟು ಕಾರ್ಡು, ಎರಡರಲ್ಲಿ ಒಟ್ಟಾರೆ ಲಾಭ, ಎರಡರಲ್ಲಿ ಮೊದಮೊದಲು ದೊಡ್ಡ ದೊಡ್ಡ ದುಡ್ಡು ಬಂದು ಆಮೇಲೆ ಮುಳುಗಿಸೋ ನಷ್ಟ. ಆಡೋರಿಗೆ ಇದು ಗೊತ್ತಿಲ್ಲ. ಹತ್ತು ಕಾರ್ಡು ಎತ್ತೋ ಹೊತ್ತಿಗೇ ಕೆಟ್ಟ ಕಟ್ಟಿನ ಕಡೆ ಕೈ ಹೋದಾಗ ಅಂಗೈ ಬೆವರೋಕೆ ಶುರುವಾಗಿತ್ತು, ಆದ್ರೆ ಯಾವುದು ಕೆಟ್ಟದ್ದು ಅಂತ ಬಾಯಲ್ಲಿ ವಿವರಿಸೋಕೆ ಬಂದಿದ್ದು ಸುಮಾರು ಎಂಬತ್ತು ಕಾರ್ಡು ಆದ್ಮೇಲೆ. ಆಡೋರಿಗೆ ಅಷ್ಟೊತ್ತಿಗಾಗ್ಲೇ ಸ್ವಲ್ಪ ಗೊತ್ತಾಗಿರುತ್ತೆ, ಪೂರ್ತಿ ಅರಿವಿಲ್ಲದೆ ಅಲ್ಲ ಅಂತ ಆಮೇಲಿನ ಸಂಶೋಧಕರು ವಾದ ಮಾಡಿದಾರೆ, ಅದೂ ಇರ್ಲಿ. ನಮ್ಮ ಕೆಲಸಕ್ಕೆ ಬೇಕಾಗಿರೋದು ಇಷ್ಟು, ಕಾರಣ ಹೇಳೋಕೆ ಬರೋ ಮುಂಚೆ ಮನಸ್ಸು ಏನನ್ನೋ ಗಮನಿಸಿರಬಹುದು. ಹಾಗಾಗಿ ಕಸಿವಿಸಿ ಆದ ತಕ್ಷಣ ಮಾಡಬೇಕಾದ ಕೆಲಸ ಒಂದೇ, ಸಹಿ ಹಾಕೋದು ಅಥವಾ ದುಡ್ಡು ಕೊಡೋದು ನಿಲ್ಲಿಸಿ, ನನಗೆ ಯಾವ ಮಾತು ಕೇಳಿದಾಗ ಹೀಗಾಯ್ತು ಅಂತ ಹಿಂದಕ್ಕೆ ಹೋಗಿ ಹುಡುಕೋದು. ಬಹಳ ಸಲ ಆ ಜಾಗದಲ್ಲಿ ಉತ್ತರ ಸಿಗದ ಒಂದು ಪ್ರಶ್ನೆ ಇರುತ್ತೆ.

ಮುಖ ನೋಡಿದ್ರೆ, ಕಣ್ಣು ನೋಡಿದ್ರೆ ಸುಳ್ಳು ಹೇಳ್ತಿದಾರೆ ಅಂತ ನನಗೆ ಗೊತ್ತಾಗ್ಬಿಡುತ್ತೆ. ಸಾಕಲ್ವಾ?

ಸಾಕಾಗಲ್ಲ, ಇದನ್ನ ತುಂಬಾ ಗಟ್ಟಿಯಾಗಿ ಹೇಳ್ತೀನಿ. ಸುಳ್ಳು ಪತ್ತೆ ಬಗ್ಗೆ ನಡೆದ ನೂರಾರು ಅಧ್ಯಯನಗಳನ್ನ ಬಾಂಡ್ ಮತ್ತು ಡಿಪಾಲೊ ಅನ್ನೋರು 2006ರಲ್ಲಿ ಒಟ್ಟು ಹಾಕಿ ನೋಡಿದ್ರು, ಜನ ನಿಜ-ಸುಳ್ಳು ಸರಿಯಾಗಿ ಗುರುತಿಸಿದ್ದು ಸರಾಸರಿ ಶೇಕಡಾ 54. ನಾಣ್ಯ ಚಿಮ್ಮಿದ್ರೂ 50 ಬರುತ್ತೆ. ಕಣ್ಣು ತಪ್ಪಿಸೋದು, ತಡವರಿಸೋದು, ಬೆವರೋದು, ಇವೆಲ್ಲ ನಾಚಿಕೆ ಸ್ವಭಾವದ ಪ್ರಾಮಾಣಿಕ ಮನುಷ್ಯನಲ್ಲೂ ಇರುತ್ತೆ. ದಿನಕ್ಕೆ ಹತ್ತು ಜನರ ಮುಂದೆ ಅದೇ ಸುಳ್ಳು ಹೇಳಿ ಪಳಗಿದೋನು ಕಣ್ಣಲ್ಲಿ ಕಣ್ಣಿಟ್ಟು ಮಾತಾಡ್ತಾನೆ. ಅದಕ್ಕೆ ನಾನು ಯಾವಾಗ್ಲೂ ಹೇಳೋದು, ಮನುಷ್ಯನ ಮುಖದ ಮೇಲಿರೋ ಗಮನ ತೆಗೆದು ಅವನು ಮುಂದಿಟ್ಟಿರೋ ಆಫರ್ ಮೇಲೆ ಇಡಿ. ಲೆಕ್ಕ ಕೂಡುತ್ತಾ, ಕಾಗದ ಇದೆಯಾ, ಯಾಕಿಷ್ಟು ಅವಸರ. ಈ ಮೂರರ ವಿಷಯದಲ್ಲಿ ನಿಮ್ಮ ಮನಸ್ಸು ಮುಖ ಓದೋದಕ್ಕಿಂತ ಎಷ್ಟೋ ಚೆನ್ನಾಗಿ ಕೆಲಸ ಮಾಡುತ್ತೆ.

ಅಂಗಡೀಲಿ ತೂಕ ಕಮ್ಮಿ ಇದೆ ಅನ್ಸುತ್ತೆ, ಆದ್ರೆ ಕೇಳಿದ್ರೆ ಜಿಪುಣಿ ಅನ್ಕೊತಾರೆ ಅಂತ ಸುಮ್ನಾಗ್ತೀನಿ

ಕೇಳೋ ಅವಶ್ಯಕತೇನೇ ಇಲ್ಲ, ಮೊದಲು ನೀವೇ ಖಚಿತ ಮಾಡ್ಕೊಳಿ. ಒಂದು ಲೀಟರ್ ನೀರು ಹತ್ರ ಹತ್ರ ಒಂದು ಕೆಜಿ, ಸೀಲ್ ಒಡೆಯದ ಒಂದು ಲೀಟರ್ ಬಾಟಲಿನ ತಕ್ಕಡಿ ಮೇಲಿಟ್ರೆ ಬಾಟಲಿ ತೂಕ ಸೇರಿ ಒಂದು ಕೆಜಿಗಿಂತ ಸ್ವಲ್ಪ ಜಾಸ್ತಿ ತೋರಿಸಬೇಕು. ಒಂದೂ ಕಾಲು ಕೆಜಿ ತೋರಿಸಿದ್ರೆ ಆ ತಕ್ಕಡಿ ನಿಮಗೆ ಸುಮಾರು 800 ಗ್ರಾಂ ಕೊಟ್ಟು ಒಂದು ಕೆಜಿ ದುಡ್ಡು ತಗೊಳ್ತಿದೆ ಅಂತ ಅರ್ಥ. ತಕ್ಕಡಿ ಮೇಲೆ ಕಾನೂನು ಮಾಪನಶಾಸ್ತ್ರ ಇಲಾಖೆ ಸೀಲ್ ಇದೆಯಾ ನೋಡಿ. ಪೆಟ್ರೋಲ್ ಬಂಕಲ್ಲಿ ಡೌಟ್ ಬಂದ್ರೆ 5 ಲೀಟರ್ ಅಳತೆ ಪಾತ್ರೇಲಿ ಅಳೆದು ತೋರಿಸಿ ಅಂತ ಕೇಳೋ ಹಕ್ಕು ಗ್ರಾಹಕರಿಗಿದೆ, ಅದಕ್ಕೋಸ್ಕರಾನೇ ಆ ಪಾತ್ರೆ ಅಲ್ಲಿಟ್ಟಿರ್ತಾರೆ. ನಾಚಿಕೆ ಪಡಬೇಕಾಗಿರೋದು ನೀವಲ್ಲ.

ಒಂದೂ ಸುಳ್ಳು ಹೇಳಿಲ್ಲ, ಎಲ್ಲಾ ಅಗ್ರಿಮೆಂಟಲ್ಲೇ ಬರ್ದಿತ್ತು, ಆದ್ರೂ ಮೋಸ ಹೋದೆ ಅನ್ಸುತ್ತೆ. ಇದು ನನ್ನ ತಪ್ಪಾ?

ಸುಳ್ಳು ಬೇರೆ, ಅನ್ಯಾಯ ಬೇರೆ, ಮನಸ್ಸು ಎರಡಕ್ಕೂ ನೋಯುತ್ತೆ. ಒಂದು ಉದಾಹರಣೆ ಹತ್ರದಿಂದ ನೋಡೋಣ. ಬೈಕ್ ಲೋನ್ 1 ಲಕ್ಷ, ಒಂದು ವರ್ಷ, "ಬರೀ 12 ಪರ್ಸೆಂಟ್ ಸರ್" ಅಂತಾರೆ. ಫ್ಲಾಟ್ ರೇಟು. ಬಡ್ಡಿ 12 ಸಾವಿರ ಸೇರಿಸಿ 12 ಕಂತು, ತಿಂಗಳಿಗೆ 9,333. ಆದ್ರೆ ನೀವು ಪ್ರತಿ ತಿಂಗಳೂ ಅಸಲು ತೀರಿಸ್ತಾ ಬರ್ತಿದೀರಿ, ಆರನೇ ತಿಂಗಳಿಗೆ ಅರ್ಧ ದುಡ್ಡು ವಾಪಸ್ ಹೋಗಿರುತ್ತೆ, ಆದ್ರೂ ಬಡ್ಡಿ ಮಾತ್ರ ಪೂರ್ತಿ 1 ಲಕ್ಷಕ್ಕೆ. ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದ್ರೆ ಇದು ವರ್ಷಕ್ಕೆ ಸುಮಾರು 21.5 ಪರ್ಸೆಂಟ್ ಬಡ್ಡಿ. ಹೇಳಿದ ಒಂದೊಂದು ಪದಾನೂ ನಿಜ, ಆದ್ರೂ ಕೇಳಿದೋರ ಮನಸ್ಸಲ್ಲಿ ತಪ್ಪು ಚಿತ್ರ ಮೂಡ್ಲಿ ಅಂತಾನೇ ಆ ಮಾತು ಹಾಗೆ ಜೋಡಿಸಿರೋದು. 2024ರ ಅಕ್ಟೋಬರ್ 1ರಿಂದ ರಿಟೇಲ್ ಸಾಲಗಳಿಗೆ ಒಟ್ಟು ವಾರ್ಷಿಕ ವೆಚ್ಚ ತೋರಿಸೋ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಕೊಡ್ಲೇಬೇಕು ಅಂತ ಆರ್‌ಬಿಐ ನಿಯಮ ಮಾಡಿದೆ, ಅದನ್ನ ಸಹಿಗೆ ಮುಂಚೆ ಕೇಳಿ ತಗೊಳಿ.

ಕಷ್ಟಕಾಲದಲ್ಲಿ ರೇಟ್ ಏರಿಸಿದ್ರೆ ಅದು ಬಿಸಿನೆಸ್ ತಾನೆ? ನಮಗ್ಯಾಕೆ ಅಷ್ಟು ಸಿಟ್ಟು ಬರುತ್ತೆ?

1986ರಲ್ಲಿ ಕಾನೆಮನ್, ನೆಟ್ಶ್, ಥೇಲರ್ ಅನ್ನೋ ಸಂಶೋಧಕರು ಜನರನ್ನ ಒಂದು ಪ್ರಶ್ನೆ ಕೇಳಿದ್ರು. ಹಿಮ ಎತ್ತೋ ಸಲಿಕೆನ 15 ಡಾಲರಿಗೆ ಮಾರ್ತಿದ್ದ ಅಂಗಡಿ, ಹಿಮಬಿರುಗಾಳಿ ಬಂದ ಮಾರನೇ ದಿನ 20 ಮಾಡಿತು, ಇದು ಸರೀನಾ? ಶೇಕಡಾ 82 ಜನ ಅನ್ಯಾಯ ಅಂದ್ರು. ಅಂಗಡಿಯವನಿಗೇ ಖರೀದಿ ಬೆಲೆ ಜಾಸ್ತಿಯಾಗಿ ರೇಟ್ ಏರಿಸಿದ್ರೆ ಜನ ಒಪ್ಕೊತಾರೆ, ನಮ್ಮ ಕೈಲಾಗದ ಸ್ಥಿತಿ ನೋಡಿ ಏರಿಸಿದ್ರೆ ಒಪ್ಪಲ್ಲ. ಕೋವಿಡ್ ಶುರುವಾದಾಗ ಮಾಸ್ಕಿಗೆ ಬಾಯಿಗೆ ಬಂದ ರೇಟ್ ಹೇಳ್ತಿದ್ದಿದ್ದು ಎಲ್ರಿಗೂ ನೆನಪಿರುತ್ತೆ, 2020ರ ಮಾರ್ಚಲ್ಲಿ ಕೇಂದ್ರ ಸರ್ಕಾರ ಮೂರು ಪದರದ ಮಾಸ್ಕಿಗೆ 10 ರೂಪಾಯಿ, 200 ಎಂಎಲ್ ಸ್ಯಾನಿಟೈಸರಿಗೆ 100 ರೂಪಾಯಿ ಮಿತಿ ಹಾಕ್ತು. ಆ ಸಿಟ್ಟು ಅಸೂಯೆ ಅಲ್ಲ, ಅದಕ್ಕೆ ಕಾನೂನಿನ ಬೆಂಬಲಾನೂ ಸಿಗೋ ಸಂದರ್ಭ ಇರುತ್ತೆ.

## ದುಡ್ಡು ಹಾಕೋ ವಿಚಾರ

ನಮ್ಮ ಭಾವಾನೇ ಹೇಳಿದ ಸ್ಕೀಮು, ತಿಂಗಳಿಗೆ 3 ಪರ್ಸೆಂಟ್, ಅವರಿಗೆ ಒಂದು ವರ್ಷದಿಂದ ಕರೆಕ್ಟಾಗಿ ಬರ್ತಿದೆ. ನನಗೆ ಒಂಚೂರೂ ಅನುಮಾನ ಇಲ್ಲ, ಹಾಕ್ಲಾ?

ನನಗೆ ಅತಿ ಹೆಚ್ಚು ಭಯ ಆಗೋದು ಈ ಪ್ರಶ್ನೆ ಕೇಳಿದಾಗ, ಅದರಲ್ಲೂ ಆ ಒಂಚೂರೂ ಅನುಮಾನ ಇಲ್ಲ ಅನ್ನೋ ಮಾತು ಕೇಳಿದಾಗ. ಒಳಮನಸ್ಸಿನ ಬಗ್ಗೆ ಮಾತಾಡೋರೆಲ್ಲ ಅನುಮಾನ ಬಂದ್ರೆ ನಂಬಿ ಅಂತಾರೆ, ಅದು ಅರ್ಧ ಮಾತು. ದೊಡ್ಡ ಮೋಸಗಳು ನಮ್ಮ ಅನುಮಾನವನ್ನ ಏಳೋಕೇ ಬಿಡಲ್ಲ, ಯಾಕಂದ್ರೆ ಅವು ಭಾವನ ಮೂಲಕ, ದೇವಸ್ಥಾನದ ಕಮಿಟಿ ಮೂಲಕ, ಮಸೀದಿ ಮೂಲಕ, ಆಫೀಸಿನ ಸೀನಿಯರ್ ಮೂಲಕ ಬರ್ತಾವೆ. ಭಾವ ಸುಳ್ಳು ಹೇಳ್ತಿಲ್ಲ, ಅವರಿಗೆ ನಿಜವಾಗ್ಲೂ ದುಡ್ಡು ಬರ್ತಿದೆ. ಆದ್ರೆ ಆ ದುಡ್ಡು ಎಲ್ಲಿಂದ ಬರ್ತಿದೆ ಅನ್ನೋದು ಅವರಿಗೂ ಗೊತ್ತಿಲ್ಲ, ಬಹುಶಃ ನಿಮ್ಮಂಥ ಹೊಸಬರು ಹಾಕಿದ ದುಡ್ಡೇ ಅವರಿಗೆ ಬಡ್ಡಿಯಾಗಿ ಹೋಗ್ತಿರುತ್ತೆ.

ಹಾಗಾಗಿ ಭಾವನ್ನ ಬಿಟ್ಟು ಲೆಕ್ಕ ಮಾಡಿ. ತಿಂಗಳಿಗೆ 3 ಪರ್ಸೆಂಟ್ ಅಂದ್ರೆ ಚಕ್ರಬಡ್ಡೀಲಿ ವರ್ಷಕ್ಕೆ ಸುಮಾರು 42.6. ಇವತ್ತು ಹಾಕಿದ 1 ಲಕ್ಷ ಹತ್ತು ವರ್ಷಕ್ಕೆ 34 ಲಕ್ಷ ದಾಟುತ್ತೆ. ಇಷ್ಟು ಲಾಭ ತೆಗೆಯೋ ಶಕ್ತಿ ನಿಜವಾಗ್ಲೂ ಇರೋನು ಬ್ಯಾಂಕಲ್ಲಿ ವರ್ಷಕ್ಕೆ 12ಕ್ಕೋ 14ಕ್ಕೋ ಸಾಲ ತಗೊಂಡು ಸುಮ್ನೆ ತಾನೇ ಶ್ರೀಮಂತ ಆಗ್ತಿದ್ದ, ನಿಮ್ಮ ಮನೆ ಬಾಗಿಲಿಗೆ ಬಂದು ನಿಮ್ಮ 1 ಲಕ್ಷ ಕೇಳ್ತಿರಲಿಲ್ಲ.

ಇನ್ನೊಂದು, ಜನರಿಂದ ಡೆಪಾಸಿಟ್ ತಗೊಳ್ಳೋಕೆ ಯಾರ ಅನುಮತಿ ಇದೆ ಅಂತ ಕೇಳಿ. ಅನುಮತಿ ಇಲ್ಲದ ಡೆಪಾಸಿಟ್ ಸ್ಕೀಮುಗಳನ್ನ 2019ರ ಕೇಂದ್ರ ಕಾಯ್ದೆ ಪೂರ್ತಿ ನಿಷೇಧ ಮಾಡಿದೆ. ಆರ್‌ಬಿಐನ ಸಚೇತ್ ಪೋರ್ಟಲಲ್ಲಿ, ಷೇರಿನ ವಿಷಯ ಆದ್ರೆ ಸೆಬಿ ವೆಬ್‌ಸೈಟಲ್ಲಿ ಹೆಸರು ಹಾಕಿ ನೋಡಬಹುದು. ಜಿಎಸ್‌ಟಿ ನಂಬರ್ ಇದೆ, ಕಂಪನಿ ರಿಜಿಸ್ಟರ್ ಆಗಿದೆ ಅಂತ ತೋರಿಸಿದ್ರೆ ಅದು ಡೆಪಾಸಿಟ್ ತಗೊಳ್ಳೋ ಅನುಮತಿ ಅಲ್ಲ, ಟೀ ಅಂಗಡಿ ಇಡೋಕೂ ಆ ಕಾಗದ ಸಿಗುತ್ತೆ.

ಓದಿದೋರು, ಫೇಮಸ್ ಆದೋರು ಕೂಡ ಬೀಳ್ತಾರಲ್ಲ, ಅವರಿಗೆ ಏನೂ ಅನ್ಸಲ್ವಾ?

ಓದಿಗೂ ಇದಕ್ಕೂ ಸಂಬಂಧ ಕಮ್ಮಿ. 2018ರಲ್ಲಿ ಬೆಂಗಳೂರಿನ ವಿಕ್ರಮ್ ಇನ್ವೆಸ್ಟ್‌ಮೆಂಟ್ ಪ್ರಕರಣದಲ್ಲಿ ದೂರು ಕೊಟ್ಟೋರಲ್ಲಿ ರಾಹುಲ್ ದ್ರಾವಿಡ್ ಇದ್ರು, ದುಡ್ಡು ಹಾಕಿದ್ದ ಬೇರೆ ಕ್ರೀಡಾಪಟುಗಳ ಹೆಸರೂ ಆಗ ಪತ್ರಿಕೆಗಳಲ್ಲಿ ಬಂತು. ಕ್ರೀಡಾವಲಯದಲ್ಲಿ ಒಬ್ರು ಹಾಕಿದ್ರೆ ಇನ್ನೊಬ್ರಿಗೆ ಧೈರ್ಯ, ಹಾಗೇ ಹಬ್ಬುತ್ತೆ. ಮಾರನೇ ವರ್ಷ ಐಎಂಎ, ಬಡ್ಡಿ ಇಲ್ಲದ ಲಾಭ ಕೊಡ್ತೀವಿ ಅಂತ ದುಡ್ಡು ತಗೊಳ್ತಿದ್ದ ಬೆಂಗಳೂರಿನ ಕಂಪನಿ. 2019ರ ಜೂನಲ್ಲಿ ಮಾಲೀಕ ಮನ್ಸೂರ್ ಖಾನ್ ಒಂದು ಆಡಿಯೋ ಬಿಟ್ಟು ದುಬೈಗೆ ಹೋದ, ಜುಲೈನಲ್ಲಿ ದೆಹಲಿಗೆ ಬಂದಿಳಿದಾಗ ಬಂಧನ ಆಯ್ತು. ಶಿವಾಜಿನಗರದ ಆಫೀಸ್ ಮುಂದೆ ಪಾಸ್‌ಬುಕ್ಕು, ಕಾಗದ ಹಿಡ್ಕೊಂಡು ನಿಂತಿದ್ದ ಜನರಲ್ಲಿ ಮಗಳ ಮದುವೆ ದುಡ್ಡು ಹಾಕಿದ್ದ ತಾಯಂದಿರು, ರಿಟೈರ್‌ಮೆಂಟ್ ಹಣ ಹಾಕಿದ್ದೋರು ಇದ್ರು. ಬಡ್ಡಿ ಬೇಡ, ಧರ್ಮಕ್ಕೆ ಒಪ್ಪೋ ಲಾಭ ಸಾಕು ಅನ್ನೋ ಅವರ ಒಳ್ಳೆ ನಂಬಿಕೇನೇ ಅಲ್ಲಿ ಬಂಡವಾಳ ಆಯ್ತು. ಇದನ್ನ ದುರಾಸೆ ಅಂತ ಬಯ್ಯೋರನ್ನ ಕಂಡ್ರೆ ನನಗೆ ಬೇಜಾರಾಗುತ್ತೆ. 2020ರ ಜನವರೀಲಿ ಬಸವನಗುಡಿಯ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ಆರ್‌ಬಿಐ ನಿರ್ಬಂಧ ಹಾಕಿ 35 ಸಾವಿರಕ್ಕಿಂತ ಜಾಸ್ತಿ ತೆಗೆಯೋ ಹಾಗಿಲ್ಲ ಅಂದಾಗ ಕೂಡ ಕಣ್ಣೀರು ಹಾಕಿದ್ದು ಜೀವನಪೂರ್ತಿ ಕಾಸಿಗೆ ಕಾಸು ಸೇರಿಸಿದ್ದ ಹಿರಿಯರು. ಬ್ಯಾಂಕ್ ಡೆಪಾಸಿಟಿಗೆ ವಿಮೆ ಇರೋದು ಒಬ್ರಿಗೆ ಒಂದು ಬ್ಯಾಂಕಲ್ಲಿ 5 ಲಕ್ಷದವರೆಗೆ, ಅದೂ ಆ ವರ್ಷದ ಫೆಬ್ರವರೀಲಿ 1 ಲಕ್ಷದಿಂದ ಏರಿಸಿದ್ದು. ನಿಮ್ಮ ಮನೇಲಿ ಹಿರಿಯರಿದ್ರೆ ಈ ಒಂದು ಸಂಗತಿ ಇವತ್ತೇ ಹೇಳಿ.

ಊರಲ್ಲಿ ಪರಿಚಯದೋರ ಹತ್ರ ಚೀಟಿ ಹಾಕ್ಬಹುದಾ?

ಚೀಟಿ ವ್ಯವಹಾರವೇ ಮೋಸ ಅಲ್ಲ, 1982ರ ಚಿಟ್ ಫಂಡ್ ಕಾಯ್ದೆ ಪ್ರಕಾರ ರಿಜಿಸ್ಟರ್ ಆಗಿರೋ ಚೀಟಿಗಳಿವೆ, ನಮ್ಮ ಸರ್ಕಾರದ ಎಂಎಸ್ಐಎಲ್ ಕೂಡ ನಡೆಸುತ್ತೆ. ಕಾನೂನು ಪ್ರಕಾರ ಚೀಟಿ ನಡೆಸೋನು (ಫೋರ್‌ಮನ್) ಚೀಟಿ ಮೊತ್ತದಷ್ಟು ಭದ್ರತೆ ರಿಜಿಸ್ಟ್ರಾರ್ ಹತ್ರ ಮೊದಲೇ ಇಟ್ಟಿರಬೇಕು, ಕಮಿಷನ್ 7 ಪರ್ಸೆಂಟ್ ಮೀರೋ ಹಾಗಿಲ್ಲ. ರಿಜಿಸ್ಟ್ರೇಷನ್ ನಂಬರ್ ಕೇಳಿದಾಗ "ನನ್ನ ಮೇಲೆ ನಂಬಿಕೆ ಇಲ್ವಾ" ಅನ್ನೋ ಉತ್ತರ ಬಂದ್ರೆ ಅಲ್ಲಿಗೆ ನಿಲ್ಲಿಸಿ. ಕೇಳಿದ ಕಾಗದದ ಬದಲು ಮುನಿಸು ತೋರಿಸೋದು ನನ್ನ ಅನುಭವದಲ್ಲಿ ಅತ್ಯಂತ ಕೆಟ್ಟ ಸೂಚನೆ.

"ಇವತ್ತು ಸಂಜೆ ಒಳಗೆ ಟೋಕನ್ ಕೊಟ್ರೆ ಮಾತ್ರ ಈ ರೇಟು" ಅಂತ ಸೈಟ್ ಮಾರೋರು ಒತ್ತಾಯ ಮಾಡ್ತಿದಾರೆ

ಕಾಗದ ಓದೋ ಸಮಯಾನ ನಿಮ್ಮಿಂದ ಕಿತ್ಕೊಳ್ಳೋಕೆ ಆ ಅವಸರ. 500 ಚದರ ಮೀಟರಿಗಿಂತ ದೊಡ್ಡ ಲೇಔಟೋ, ಎಂಟಕ್ಕಿಂತ ಜಾಸ್ತಿ ಫ್ಲಾಟಿನ ಪ್ರಾಜೆಕ್ಟೋ ಆಗಿದ್ರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಆಗೋ ಮುಂಚೆ ಜಾಹೀರಾತು ಕೊಡೋದೇ ತಪ್ಪು, ಅಂದ್ರೆ ಪ್ರೀ ಲಾಂಚ್ ಆಫರ್ ಅನ್ನೋ ಮಾತೇ ನಿಮಗೆ ಎಚ್ಚರಿಕೆ. ನೋಂದಣಿ ಆಗಿದ್ರೂ ರಿಜಿಸ್ಟರ್ಡ್ ಅಗ್ರಿಮೆಂಟ್ ಇಲ್ದೆ ಬೆಲೆಯ 10 ಪರ್ಸೆಂಟಿಗಿಂತ ಜಾಸ್ತಿ ತಗೊಳ್ಳೋ ಹಾಗಿಲ್ಲ. ಎರಡು ದಿನ ಟೈಮ್ ಕೊಡಿ, ವಕೀಲರಿಗೆ ತೋರಿಸ್ತೀನಿ ಅಂದು ನೋಡಿ, ಆಗ ಅವರ ಮುಖದ ಬದಲು ಅವರ ಉತ್ತರ ಗಮನಿಸಿ.

ಆಪಲ್ಲಿ 499 ಅಂತಿತ್ತು, ಪೇಮೆಂಟ್ ಹೊತ್ತಿಗೆ 640 ಆಗಿತ್ತು. ಎಲ್ರೂ ಹೀಗೇ ಮಾಡ್ತಾರೆ ಅಂತ ಬಿಟ್ಬಿಡೋದಾ?

ಬಿಡಬೇಡಿ. ಕೊನೇ ಸ್ಕ್ರೀನಲ್ಲಿ ಬೆಲೆ ಬೆಳೆಸೋದು, ನೀವು ಕೇಳದ ಇನ್ಶೂರೆನ್ಸೋ ದೇಣಿಗೆಯೋ ಕಾರ್ಟಿಗೆ ಸೇರಿಸೋದು, ಬೇಡ ಅನ್ನೋ ಬಟನ್ನಿಗೆ ನಿಮಗೇ ನಾಚಿಕೆ ಆಗೋ ಹಾಗೆ ಬರೆಯೋದು, ಇವೆಲ್ಲ 2023ರ ನವೆಂಬರಲ್ಲಿ ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ ಹೊರಡಿಸಿದ ಡಾರ್ಕ್ ಪ್ಯಾಟರ್ನ್ (ಗಿರಾಕಿನ ದಾರಿ ತಪ್ಪಿಸೋ ಸ್ಕ್ರೀನ್ ತಂತ್ರ) ಮಾರ್ಗಸೂಚೀಲಿ ಇರೋ 13 ಬಗೆಗಳಲ್ಲಿ ಸೇರಿದಾವೆ. ಹೋಟೆಲಲ್ಲಿ ಬಿಲ್ಲಿಗೆ ತಾನಾಗೇ ಸೇರೋ ಸರ್ವಿಸ್ ಚಾರ್ಜ್ ಕೂಡ ಕಡ್ಡಾಯ ಅಲ್ಲ, ಹೀಗೆ ಹೇಳೋ 2022ರ ಮಾರ್ಗಸೂಚೀನ ದೆಹಲಿ ಹೈಕೋರ್ಟ್ 2025ರಲ್ಲಿ ಎತ್ತಿಹಿಡಿದಿದೆ.

## ಮಂಡಿ ಮತ್ತೆ ಕೆಲಸದ ಜಾಗ

ಮಂಡೀಲಿ ಬಿಳಿ ಚೀಟೀಲಿ ಲೆಕ್ಕ ಬರ್ದು ಕೊಡ್ತಾರೆ, ಅಪ್ಪನ ಕಾಲದಿಂದ ಅವರೇ ನಮ್ಮ ದಲ್ಲಾಳಿ, ಕೇಳೋದು ಹೇಗೆ?

ಕಷ್ಟ ಅಂತ ಗೊತ್ತು, ಬಿತ್ತನೆ ಹೊತ್ತಿಗೆ ಮುಂಗಡ ಕೊಟ್ಟೋರೂ ಅವರೇ ಆಗಿರ್ತಾರೆ. ಆದ್ರೂ ಬಿಳಿ ಚೀಟಿ ಅಂದ್ರೆ ದಾಖಲೆ ಇಲ್ಲದ ವ್ಯವಹಾರ, ನಾಳೆ ತೂಕ ಕಮ್ಮಿ ಆಯ್ತು ಅಂದ್ರೂ ರೇಟ್ ಬೇರೆ ಅಂದ್ರೂ ನಿಮ್ಮ ಕೈಲಿ ಏನೂ ಇರಲ್ಲ. ಎಪಿಎಂಸಿ ಅಧಿಕೃತ ಲೆಕ್ಕ ತಿರುವಳಿ ಪಟ್ಟೀನೇ ಕೊಡಬೇಕು. ನಮ್ಮ ರಾಜ್ಯದ ಎಪಿಎಂಸೀಲಿ ದಲ್ಲಾಳಿ ಕಮಿಷನ್ ಕೊಡಬೇಕಾದೋನು ಖರೀದಿದಾರ, ರೈತನ ಲೆಕ್ಕದಲ್ಲಿ ಅದನ್ನ ಕಳೆಯೋ ಹಾಗಿಲ್ಲ. ಚೀಲಕ್ಕಿಷ್ಟು ಕಳೀತೀವಿ, ಸ್ಯಾಂಪಲ್ಲಿಗೆ ಅಂತ ಒಂದು ಬೊಗಸೆ ತೆಗೀತೀವಿ ಅಂದಾಗ ನಿಮಗೆ ಕರುಳು ಚುರ್ ಅಂದ್ರೆ ಅದು ಸರಿಯಾದ ನೋವೇ. ಒಬ್ರೇ ಕೇಳಿದ್ರೆ ಮುಂದಿನ ಸಲ ಮಾಲು ಕೊನೇಲಿ ತೂಗ್ತಾರೆ ಅನ್ನೋ ಭಯ ಇದ್ರೆ ನಾಲ್ಕು ಜನ ಸೇರಿ ಎಪಿಎಂಸಿ ಕಾರ್ಯದರ್ಶಿಗೆ ಬರೆದು ಕೊಡಿ, ಮಂಡಿಗೆ ಹೋಗೋ ಮುಂಚೆ ಬೇರೆ ವೇ ಬ್ರಿಡ್ಜಲ್ಲಿ ತೂಗಿಸಿ ಚೀಟಿ ಇಟ್ಕೊಳಿ.

ಕಂಪನೀಲಿ ಸಂಬಳ ಲೇಟ್ ಆಗ್ತಿದೆ, ಪ್ರತಿ ಸಲ ಬೇರೆ ಬೇರೆ ಕಾರಣ ಹೇಳ್ತಾರೆ. ಇದನ್ನ ಹೇಗೆ ತಿಳ್ಕೊಳ್ಳೋದು?

ಕಾರಣ ಬದಲಾಗ್ತಾ ಇರೋದೇ ದೊಡ್ಡ ಸುಳಿವು. ಮಾತು ಬಿಟ್ಟು ಪಿಎಫ್ ನೋಡಿ. ನಿಮ್ಮ ಸಂಬಳದಲ್ಲಿ ಹಿಡಿದ ಪಿಎಫ್ ಮುಂದಿನ ತಿಂಗಳ 15ರ ಒಳಗೆ ಕಟ್ಟಬೇಕು, ಕಟ್ಟಿದಾರಾ ಅಂತ ಉಮಂಗ್ ಆಪಲ್ಲಿ ಪಾಸ್‌ಬುಕ್ ತೆಗೆದ್ರೆ ಗೊತ್ತಾಗುತ್ತೆ. ಪೇಸ್ಲಿಪ್ಪಲ್ಲಿ ಕಟ್ ಆಗಿದೆ, ಪಾಸ್‌ಬುಕ್ಕಲ್ಲಿ ಮೂರು ತಿಂಗಳಿಂದ ಇಲ್ಲ ಅಂದ್ರೆ ಕಂಪನಿ ನಿಮ್ಮ ದುಡ್ಡಲ್ಲಿ ಉಸಿರಾಡ್ತಿದೆ. ಬೇರೆ ಕೆಲಸ ಹುಡುಕೋಕೆ ಶುರು ಮಾಡಿ, ಪಿಎಫ್ ಆಫೀಸಿಗೆ ದೂರೂ ಕೊಡಿ.

## ಸ್ವಲ್ಪ ಆಳಕ್ಕೆ

ಬರೀ ಅಂಕಿ ನೋಡೇ ಇದು ಸುಳ್ಳು ಲೆಕ್ಕ ಅಂತ ಅನ್ಸೋಕೆ ಸಾಧ್ಯಾನಾ?

ಸಾಧ್ಯ, ಅದು ಅಭ್ಯಾಸದಿಂದ ಬರೋದು. ಅಮೆರಿಕಾದಲ್ಲಿ ಜನರ ದುಡ್ಡು ಹೂಡಿಕೆ ಮಾಡ್ತೀನಿ ಅಂತ ತಗೊಳ್ತಿದ್ದ ಬರ್ನಾರ್ಡ್ ಮೇಡಾಫ್ ತೋರಿಸ್ತಿದ್ದ ಲಾಭದ ಗ್ರಾಫ್ ಹೆಚ್ಚುಕಮ್ಮಿ ನೇರ ಗೆರೆ ತರ ಏರ್ತಿತ್ತು, ಮಾರ್ಕೆಟ್ ಬಿದ್ರೂ ಅದು ಬೀಳ್ತಿರಲಿಲ್ಲ. ಹ್ಯಾರಿ ಮಾರ್ಕೊಪೊಲೋಸ್ ಅನ್ನೋ ಹಣಕಾಸು ತಜ್ಞರಿಗೆ ನೋಡಿದ ಕೆಲವೇ ನಿಮಿಷಕ್ಕೆ ಇದು ಆಗದ ಮಾತು ಅನ್ಸಿತ್ತು. ಆಮೇಲೆ ಅವರು ಕೂತು ಲೆಕ್ಕ ಹಾಕಿ ತೋರಿಸಿ 2000ದಿಂದಾನೇ ಅಲ್ಲಿನ ಷೇರು ನಿಯಂತ್ರಕರಿಗೆ ಬರೆದು ಕೊಟ್ರು, ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ, 2008ರ ಡಿಸೆಂಬರಲ್ಲಿ ಎಲ್ಲಾ ಮೋಸ ಅಂತ ಮೇಡಾಫ್ ತಾನೇ ಒಪ್ಕೊಂಡ. ನಿಜವಾದ ವ್ಯಾಪಾರ ಏರಿಳಿತ ಇಲ್ದೆ ಇರಲ್ಲ.

ನಮ್ಮಲ್ಲಿ ಸತ್ಯಂ. 2008ರ ಡಿಸೆಂಬರಲ್ಲಿ ಹೈದರಾಬಾದಿನ ಈ ಸಾಫ್ಟ್‌ವೇರ್ ಕಂಪನಿ ಮಾಲೀಕರ ಕುಟುಂಬದ್ದೇ ಆದ ರಿಯಲ್ ಎಸ್ಟೇಟ್, ಇನ್ಫ್ರಾ ಕಂಪನಿಗಳನ್ನ ಸುಮಾರು 160 ಕೋಟಿ ಡಾಲರಿಗೆ ಕೊಂಡ್ಕೊತೀವಿ ಅಂತು. ಸಾಫ್ಟ್‌ವೇರ್ ಕಂಪನಿಗೆ ಜಮೀನು ಕಂಪನಿ ಯಾಕೆ ಅಂತ ಷೇರುದಾರರು ತಿರುಗಿಬಿದ್ರು, ಕೆಲವೇ ಗಂಟೆಗಳಲ್ಲಿ ಡೀಲ್ ಕೈಬಿಟ್ರು. ಆಗ ಯಾರ ಹತ್ರಾನೂ ಸಾಕ್ಷಿ ಇರಲಿಲ್ಲ, ಇದ್ದಿದ್ದು ಇದು ಸರಿಹೊಂದ್ತಿಲ್ಲ ಅನ್ನೋ ಭಾವನೆ. 2009ರ ಜನವರಿ 7ಕ್ಕೆ ಕಂಪನಿ ಅಧ್ಯಕ್ಷ ರಾಮಲಿಂಗ ರಾಜು ಪತ್ರ ಬರೆದು ಪುಸ್ತಕದಲ್ಲಿದ್ದ ನಗದಲ್ಲಿ 5,040 ಕೋಟಿ ಇಲ್ವೇ ಇಲ್ಲ ಅಂತ ಒಪ್ಕೊಂಡ್ರು. ಕಂಪನಿಯ ದುಡ್ಡು ಮಾಲೀಕನ ಮನೆಯೋರ ಕಡೆ ಹರಿಯೋ ಯಾವ ವ್ಯವಹಾರ ಕಂಡ್ರೂ ಎರಡು ಸಲ ನೋಡೋ ಅಭ್ಯಾಸ ಅವತ್ತಿಂದ ಬಹಳ ಆಡಿಟರುಗಳಿಗೆ ಬಂತು. ಸಣ್ಣ ಮಟ್ಟದಲ್ಲಿ ನಾನು ನೋಡೋದು ಇಂಥವು, ಎಲ್ಲಾ ಬಿಲ್ಲೂ ಸಾವಿರದ ಲೆಕ್ಕದಲ್ಲಿ ರೌಂಡಾಗಿರೋದು, ಮಂಜೂರಾತಿ ಮಿತಿ 50 ಸಾವಿರ ಇದ್ರೆ ಬಿಲ್ಲುಗಳು 49,500ರ ಸುತ್ತಾನೇ ಇರೋದು, ವರ್ಷಪೂರ್ತಿ ಸಪ್ಲೈ ಮಾಡಿದೋನ ಬಿಲ್ ನಂಬರು 41, 42, 43 ಅಂತ ಒಂದರ ಹಿಂದೆ ಒಂದು ಇರೋದು, ಅಂದ್ರೆ ಅವನಿಗೆ ನಾವು ಬಿಟ್ಟು ಬೇರೆ ಗಿರಾಕಿನೇ ಇಲ್ಲ.

ನನ್ನ ಅನುಮಾನ ತಪ್ಪಾಗಿ ಒಬ್ಬ ಒಳ್ಳೆ ವ್ಯಾಪಾರೀನ ಕಳ್ಳ ಅಂದ್ಬಿಟ್ರೆ?

ಈ ಭಯ ಇರ್ಲೇಬೇಕು. ನಮ್ಮ ಒಳಮನಸ್ಸಲ್ಲಿ ಅನುಭವ ಮಾತ್ರ ಇಲ್ಲ, ಪೂರ್ವಗ್ರಹಾನೂ ಅದೇ ದನೀಲಿ ಮಾತಾಡುತ್ತೆ. ಬೇರೆ ಭಾಷೆಯವನು, ಬೇರೆ ಜಾತಿ ಧರ್ಮದವನು, ಬಟ್ಟೆ ಕೊಳೆ ಇರೋನು, ಇವರ ಹತ್ರ ಬರೋ ಅನುಮಾನಾನ ಬೇರೆ ಮಾಡಿ ನೋಡಿ. ಸುಲಭದ ಪರೀಕ್ಷೆ, ಇದೇ ಆಫರ್, ಇದೇ ಕಾಗದ ನಿಮ್ಮ ಊರಿನ ಗೌರವಸ್ಥರು ತಂದಿದ್ರೆ ಇಷ್ಟೇ ಅನುಮಾನ ಬರ್ತಿತ್ತಾ? ಬರ್ತಿತ್ತು ಅಂದ್ರೆ ತೊಂದರೆ ಆಫರಲ್ಲಿದೆ. ಬರ್ತಿರಲಿಲ್ಲ ಅಂದ್ರೆ ತೊಂದರೆ ನಮ್ಮ ಕಣ್ಣಲ್ಲಿದೆ. ಆಪಾದನೆ ಬದಲು ಪ್ರಶ್ನೆ ಕೇಳಿ, "ಈ 1,200 ಯಾವುದಕ್ಕೆ ಅಂತ ಸ್ವಲ್ಪ ಹೇಳ್ತೀರಾ" ಅಂದ್ರೆ ಪ್ರಾಮಾಣಿಕನಿಗೆ ನೋವಾಗಲ್ಲ.

ಈ ಇಂಟ್ಯೂಷನ್ ಬೆಳೆಸ್ಕೊಳ್ಳಕ್ಕಾಗುತ್ತಾ, ಇಲ್ಲ ಹುಟ್ಟಿನಿಂದ ಬರೋದಾ?

ಬೆಳೆಸ್ಕೋಬಹುದು, ಆದ್ರೆ ಎಲ್ಲಾ ಕಡೆ ಅಲ್ಲ. ಕಾನೆಮನ್ ಮತ್ತು ಗ್ಯಾರಿ ಕ್ಲೈನ್ ಒಳಮನಸ್ಸಿನ ಬಗ್ಗೆ ವಿರುದ್ಧ ಅಭಿಪ್ರಾಯ ಇದ್ದೋರು, 2009ರಲ್ಲಿ ಜೊತೆಗೆ ಒಂದು ಲೇಖನ ಬರೆದು ಎರಡು ವಿಷಯಕ್ಕೆ ಒಪ್ಪಿದ್ರು. ಆ ಕ್ಷೇತ್ರದಲ್ಲಿ ಸ್ಥಿರವಾದ ಕ್ರಮ ಇರಬೇಕು, ಮತ್ತೆ ನಾವು ಅಂದ್ಕೊಂಡಿದ್ದು ಸರೀನಾ ತಪ್ಪಾ ಅಂತ ಬೇಗ ಗೊತ್ತಾಗ್ತಿರಬೇಕು. ಮೂವತ್ತು ವರ್ಷ ಅಡಿಕೆ ನೋಡಿದೋರು ಚೀಲಕ್ಕೆ ಕೈ ಹಾಕಿ ತೇವ ಹೇಳೋದು ನಂಬಬಹುದು, ಯಾಕಂದ್ರೆ ಪ್ರತಿ ಸಲ ತೂಕ, ರೇಟು ಬಂದು ಅವರನ್ನ ತಿದ್ದಿದೆ. ಮುಂದಿನ ವರ್ಷ ಯಾವ ಷೇರು ಏರುತ್ತೆ ಅನ್ನೋ ಒಳಮನಸ್ಸಿನ ಮಾತಿಗೆ ಆ ಬೆಲೆ ಇಲ್ಲ. ನೀವು ಮಾಡಬಹುದಾದ್ದು, ಅನುಮಾನ ಬಂದಾಗ ದಿನಾಂಕ ಹಾಕಿ ಒಂದು ಸಾಲು ಬರೆದಿಡಿ, ಏನಾಯ್ತು ಅಂತ ಆಮೇಲೆ ಪಕ್ಕದಲ್ಲಿ ಬರೀರಿ. ಪೂರ್ತಿ ನಂಬಿಕೆ ಬಂದ ವ್ಯವಹಾರಗಳನ್ನೂ ಬರೀರಿ, ಅದನ್ನ ಯಾರೂ ಬರೆಯಲ್ಲ, ಕಲಿಯೋದು ಜಾಸ್ತಿ ಇರೋದು ಅಲ್ಲೇ.

ಅನುಮಾನ ನಿಜ ಆಯ್ತು, ದುಡ್ಡು ಹೋಯ್ತು. ಈಗ ಎಲ್ಲಿಗೆ ಹೋಗ್ಲಿ?

ಆನ್‌ಲೈನಲ್ಲಿ ದುಡ್ಡು ಹೋಗಿದ್ರೆ ಇದನ್ನ ಓದೋದು ನಿಲ್ಲಿಸಿ ಈಗ್ಲೇ ಸೈಬರ್ ಅಪರಾಧ ಸಹಾಯವಾಣಿ 1930ಗೆ ಫೋನ್ ಮಾಡಿ, ದುಡ್ಡು ಮುಂದಿನ ಖಾತೆಗಳಿಗೆ ಹಂಚಿಹೋಗೋ ಮುಂಚೆ ತಡೆಯೋ ಅವಕಾಶ ಇರುತ್ತೆ, ತಡ ಆದಷ್ಟೂ ಅದು ಕಮ್ಮಿ. ಅಂಗಡಿ, ಸರ್ವಿಸ್, ಆಪ್ ವಿಷಯಕ್ಕೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಬ್ಯಾಂಕ್ ವಿಷಯ ಆದ್ರೆ ಮೊದಲು ಬ್ಯಾಂಕಿಗೆ ಬರೆದು ಕೊಡಿ, 30 ದಿನದಲ್ಲಿ ಉತ್ತರ ಬರದಿದ್ರೆ ಆರ್‌ಬಿಐ ಓಂಬುಡ್ಸ್‌ಮನ್ (ಗ್ರಾಹಕರ ದೂರು ಕೇಳೋ ಅಧಿಕಾರಿ). ಗ್ರಾಹಕರ ಆಯೋಗಕ್ಕೆ ಹೋಗೋದಾದ್ರೆ ನೀವು ಕೊಟ್ಟ ಮೊತ್ತ 5 ಲಕ್ಷದ ಒಳಗಿದ್ರೆ ಫೀಸ್ ಇಲ್ಲ, ವಕೀಲರು ಇರ್ಲೇಬೇಕು ಅಂತಿಲ್ಲ, ಇ-ಜಾಗೃತಿ ಪೋರ್ಟಲಲ್ಲಿ ಮನೆಯಿಂದಾನೇ ಹಾಕಬಹುದು, ಆದ್ರೆ ತೊಂದರೆ ಆದ ಎರಡು ವರ್ಷದ ಒಳಗೆ ಹಾಕಬೇಕು. ಬಿಲ್ಲು, ವಾಟ್ಸಾಪ್ ಮೆಸೇಜು, ಜಾಹೀರಾತಿನ ಸ್ಕ್ರೀನ್‌ಶಾಟ್, ಕಾಲ್ ಮಾಡಿದ ದಿನಾಂಕ ಎಲ್ಲಾ ಒಂದು ಫೋಲ್ಡರಲ್ಲಿ ಇಡಿ, ಅವರ ಜೊತೆ ಜಗಳ ಆದ ಸಿಟ್ಟಲ್ಲಿ ಚಾಟ್ ಡಿಲೀಟ್ ಮಾಡಬೇಡಿ.